ಆಪತ್ತಿಲ್ಲದ ಊರಿನ ಸಾಸಿವೆ

ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸತ್ತ ಕೂಸನ್ನು ಎದೆಗೆ ಅವಚಿಕೊಂಡು ಬಂದ ಗೌತಮಿಗೆ ಬುದ್ಧದೇವನು, ಸಾವು ಕಾಲಿಡದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಹೇಳಿ ಕಳುಹಿದನಂತೆ. ಊರೆಲ್ಲ ತಿರುಗಿದರೂ ಅಂಥ ಮನೆ ಆಕೆಗೆ ದೊರೆಯಲಿಲ್ಲ. ಈಗ ಯಾರಾದರೂ ನಮ್ಮನ್ನು ಹಾಗೆಯೇ ಕರೆದು, "ನೆರೆ, ಬರ, ಬಿರುಗಾಳಿ, ಭೂಕಂಪ ಯಾವುದೂ ಇಲ್ಲದ ಸೀಮೆಯಿಂದ ಒಂದು ಹಿಡಿ ಸಾಸಿವೆ ತಾ" ಎಂದರೆ ನಮ್ಮ ಗತಿಯೂ ಗೌತಮಿಯ ಗತಿಯೇ. ಹೊಸಪೇಟೆಯಲ್ಲಿ ಹೊರಟು ಅಮೆರಿಕಾ ದೇಶದ ಪಶ್ಚಿಮ ತೀರವನ್ನು ಮುಟ್ಟಿದರೂ ಚೀಲ ಬರಿದಾಗಿಯೇ ಇದ್ದೀತು.

ಇದು ಎಲ್ಲರೂ ಬಲ್ಲ ಸಂಗತಿ. ಆದರೂ ಪರಸ್ಥಳದ ಆಪತ್ತು ನಮಗೆ ರಾಕ್ಷಸನಂತೆ ಕಾಣುತ್ತದೆ. ನಮ್ಮೂರಿನ ಆಪತ್ತು ಮನೆಯ ಮೂಲೆಯಲ್ಲಿ ಕುಳಿತ ಹಳೆಯ ನೆಂಟನಂತೆ ಕಾಣುತ್ತದೆ. ಅಮೆರಿಕಾದಲ್ಲಿ ಸುಂಟರಗಾಳಿಯೊಂದು ಊರನ್ನೇ ಎತ್ತಿ ಒಗೆಯಿತೆಂಬ ಸುದ್ದಿ ಬಂದ ದಿನ ಮರಿಯಮ್ಮನಹಳ್ಳಿಯ ಚಹದ ಅಂಗಡಿಯಲ್ಲಿ ಒಂದೇ ಮಾತು: "ಅಂಥ ಕಡಿ ಮಂದಿ ಹೆಂಗ ಇರ್ತಾರಪ್ಪಾ!" ಹೀಗೆ ಉದ್ಗರಿಸುವವರು ಮೂರು ವರ್ಷಕ್ಕೊಮ್ಮೆ ಮುಗಿಲು ಕೈಕೊಡುವ ನೆಲದಲ್ಲಿ, ನೂರು ಟಿ.ಎಂ.ಸಿ.ಗೂ ಮಿಕ್ಕ ನೀರು ನಿಂತ ಜಲಾಶಯದ ಅಂಚಿನಲ್ಲಿ, ನಿಶ್ಚಿಂತೆಯಿಂದ ಚಹ ಹೀರುತ್ತಿರುತ್ತಾರೆ. ಅತ್ತ ಅಮೆರಿಕಾದಲ್ಲಿ ನಮ್ಮ ಬರದ ಸುದ್ದಿ ಓದಿದವರೂ ತಮ್ಮ ಭಾಷೆಯಲ್ಲಿ ಇದೇ ಮಾತನ್ನು ಆಡುತ್ತಿದ್ದರೆ ಆಶ್ಚರ್ಯವಿಲ್ಲ.

ಜನ ಅಂಥ ಕಡೆ ಏಕಿರುತ್ತಾರೆಂದು ಕೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅನ್ನವಿದ್ದ ಕಡೆ ಜನರಿರುತ್ತಾರೆ. ಅನ್ನ ಕೊಡುವ ಹೊಳೆಯೇ ನೆರೆಯನ್ನೂ ತರುತ್ತದೆ, ಮೀನು ಕೊಡುವ ಕಡಲೇ ಮನೆಯನ್ನೂ ಕೊಚ್ಚುತ್ತದೆ. ಕೇಳತಕ್ಕ ಪ್ರಶ್ನೆ ಬೇರೆಯದು. ಆ ಆಪತ್ತಿನೊಡನೆ ಅವರು ಸಂಸಾರ ನಡೆಸುವ ಬಗೆ ಯಾವುದು? ಅದರಲ್ಲಿ ನಾವು ಕಲಿಯಬೇಕಾದುದು ಏನಾದರೂ ಉಂಟೆ?

ಮೊದಲು ಅಮೆರಿಕಾವನ್ನೇ ನೋಡೋಣ. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಲ್ಲಿ ನೆಲೆಸಿರುವುದರಿಂದ ಆ ದೇಶ ನಮಗೆ ತೀರ ಪರದೇಶವೇನೂ ಅಲ್ಲ. ಮಗ ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಇದ್ದರೆ ಇಲ್ಲಿಯ ತಾಯಿ ಆ ಸೀಮೆಯ ಹವಾಮಾನವನ್ನು ಬಳ್ಳಾರಿಯ ಹವಾಮಾನಕ್ಕಿಂತ ಹೆಚ್ಚು ಕಾತರದಿಂದ ವಿಚಾರಿಸುತ್ತಾಳೆ. ಆ ದೇಶದಲ್ಲಿ ಒಂದೊಂದು ಪ್ರಾಂತಕ್ಕೆ ಒಂದೊಂದು ಭಯ. ನಡುಬಯಲಿನ ಒಕ್ಲಹಾಮಾ, ಕ್ಯಾನ್ಸಸ್‌ಗಳಿಗೆ ಸುಂಟರಗಾಳಿ. ಮೆಕ್ಸಿಕೊ ಕೊಲ್ಲಿಯ ಕರಾವಳಿಗೆ ಚಂಡಮಾರುತ. ಪಶ್ಚಿಮದ ಕ್ಯಾಲಿಫೋರ್ನಿಯಾಕ್ಕೆ ಭೂಕಂಪ ಮತ್ತು ಕಾಡ್ಗಿಚ್ಚು.

ಒಕ್ಲಹಾಮಾದಲ್ಲಿ ಮೂರ್ ಎಂಬ ಪಟ್ಟಣವಿದೆ. 1999ರ ಮೇ 3ರಂದು ಭೀಕರ ಸುಂಟರಗಾಳಿ ಅದನ್ನು ಸೀಳಿಕೊಂಡು ಹೋಯಿತು. ಜನ ಮತ್ತೆ ಅಲ್ಲಿಯೇ ಮನೆ ಕಟ್ಟಿದರು. 2013ರ ಮೇ 20ರಂದು ಅಷ್ಟೇ ಭೀಕರವಾದ ಮತ್ತೊಂದು ಬಂದಿತು. ಸತ್ತ 24 ಮಂದಿಯಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯವರು. ಆ ಶಾಲೆಯಲ್ಲಿ ಬಿರುಗಾಳಿಗೆ ಅಡಗುವ ಭದ್ರವಾದ ಕೋಣೆ ಇರಲಿಲ್ಲ. ಮರುವರ್ಷವೇ ಆ ಪಟ್ಟಣ ಮನೆ ಕಟ್ಟುವ ನಿಯಮಗಳನ್ನು ಬಿಗಿಗೊಳಿಸಿತು. ಆ ಸೀಮೆಯಲ್ಲಿ ಹಗೇವಿನಂತೆ ನೆಲದೊಳಗೆ ತೋಡಿದ ಆಶ್ರಯದ ಕೋಣೆಗಳು ಸಾಮಾನ್ಯ. ಹಗೇವಿನಲ್ಲಿ ನಾವು ಜೋಳ ಉಳಿಸಿಕೊಳ್ಳುತ್ತಿದ್ದೆವು. ಅವರು ಪ್ರಾಣ ಉಳಿಸಿಕೊಳ್ಳುತ್ತಾರೆ. ಒಕ್ಲಹಾಮಾ ನಗರದಲ್ಲಿ ಶನಿವಾರದ ನಡುಹಗಲು ಎಚ್ಚರಿಕೆಯ ಸೈರನ್ನನ್ನು ಕೂಗಿಸಿ ನೋಡುವ ವಾಡಿಕೆಯುಂಟು. ಆಕಾಶ ತಿಳಿಯಾಗಿದ್ದಾಗಲೇ ಅದರ ದನಿ ಸರಿಯಾಗಿದೆಯೆ ಎಂದು ಪರೀಕ್ಷಿಸಿಕೊಳ್ಳುವುದು.

ಕೊಲ್ಲಿಯ ಕರಾವಳಿಯ ಗ್ಯಾಲ್ವೆಸ್ಟನ್ ಪಟ್ಟಣದ ಕಥೆ ಇನ್ನೂ ದೊಡ್ಡದು. 1900ರ ಸೆಪ್ಟೆಂಬರ್ 8ರಂದು ಕಡಲು ಆ ದ್ವೀಪದ ಮೇಲೆ ಹರಿದು ಆರು ಸಾವಿರಕ್ಕೂ ಮಿಕ್ಕ ಜನರನ್ನು ನುಂಗಿತು. ಉಳಿದವರು ಊರು ಬಿಡಲಿಲ್ಲ. ಕಡಲಿಗೆ ಅಡ್ಡವಾಗಿ ಹದಿನೇಳು ಅಡಿ ಎತ್ತರದ ಗೋಡೆ ಕಟ್ಟಿದರು. ಸಾಲದೆಂದು ಮನೆ, ಇಗರ್ಜಿಗಳನ್ನು ಜಾಕಿಯಿಂದ ಮೇಲೆತ್ತಿ ಅಡಿಯಲ್ಲಿ ಮರಳು ತುಂಬಿ ಊರಿನ ನೆಲವನ್ನೇ ಎತ್ತರಿಸಿದರು. 1915ರಲ್ಲಿ ಅಂಥದೇ ಚಂಡಮಾರುತ ಮತ್ತೆ ಬಂದಾಗ ಸಾವು ಹಿಂದಿನದರ ಒಂದು ಚೂರಿನಷ್ಟೂ ಆಗಲಿಲ್ಲ. ಇನ್ನು ಕ್ಯಾಲಿಫೋರ್ನಿಯಾ: 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚಿನಲ್ಲಿ ಭೂಮಿ ನಡುಗಿ ಅನೇಕ ಶಾಲಾ ಕಟ್ಟಡಗಳು ನೆಲಕ್ಕೊರಗಿದವು. ಮಕ್ಕಳು ಮನೆ ಸೇರಿದ್ದ ಹೊತ್ತಾದುದರಿಂದ ದೇವರು ದೊಡ್ಡವನು. ಒಂದು ತಿಂಗಳೊಳಗೆ ಆ ಪ್ರಾಂತದ ಶಾಸನಸಭೆ, ಶಾಲೆಗಳನ್ನು ಭೂಕಂಪಕ್ಕೆ ತಡೆಯುವಂತೆ ಕಟ್ಟತಕ್ಕದ್ದೆಂದು ಕಾಯಿದೆ ಮಾಡಿತು.

ಇಷ್ಟನ್ನು ಓದಿ ಅಮೆರಿಕದವರೆಲ್ಲ ಜಾಣರೆಂದು ತಿಳಿಯಬೇಕಾಗಿಲ್ಲ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ್ದು ಗಾಳಿಗಿಂತ ಹೆಚ್ಚಾಗಿ ಒಡೆದ ಒಡ್ಡುಗಳು. ಒಡ್ಡು ಕಟ್ಟಿದ್ದರು, ಕಟ್ಟಿದ್ದು ಸಾಕಷ್ಟು ಭದ್ರವಾಗಿರಲಿಲ್ಲ. ಸಾವಿರಕ್ಕೂ ಮೀರಿದ ಜನ ಸತ್ತರು. ಕಾರು ಇದ್ದವರು ಊರು ಬಿಟ್ಟು ಹೋದರು; ಇಲ್ಲದ ಬಡವರು, ಮುದುಕರು, ರೋಗಿಗಳು ಮಾಳಿಗೆಯ ಮೇಲೆ ನಿಂತು ಕೈಬೀಸಿದರು. ಸಿರಿವಂತ ದೇಶದಲ್ಲಿಯೂ ನೆರೆ ಮೊದಲು ಬಡವನ ಹೊಸ್ತಿಲನ್ನೇ ದಾಟುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ಣಾಟಕವೂ ಈ ವಿಷಯದಲ್ಲಿ ಒಂದು ಸಣ್ಣ ಅಮೆರಿಕಾ. ಉಳ್ಳಾಲದ ಬೆಸ್ತರಿಗೆ ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತದ ಭಯ. ಮನೆಯ ಮುಂದಿನ ತೆಂಗು ಉರುಳಿದ ಮೇಲೆ ಮುಂದಿನ ಸರದಿ ಮನೆಯದೇ ಎಂದು ಅವರು ಬಲ್ಲರು. ಮಲೆನಾಡಿಗೆ ಮಳೆಯೇ ಸಂಪತ್ತು, ಮಳೆಯೇ ವಿಪತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕಾಫಿತೋಟ, ಮನೆ, ರಸ್ತೆಗಳ ಸಮೇತ ಕುಸಿದುದನ್ನು ಮರೆಯಲಾದೀತೆ? 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು ರಸ್ತೆಬದಿಯ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಹೊಳೆಯ ಕೆಸರಿನಲ್ಲಿ ಹೂತ ಒಂದು ಲಾರಿಯನ್ನು ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ತಿಂಗಳೂ ಮುಗಿಯುತ್ತ ಬಂದಿತ್ತು.

ಈಶಾನ್ಯದ ಬೀದರ, ಕಲಬುರಗಿಗಳ ಹಿರಿಯರಿಗೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಇಂದಿಗೂ ನೆನಪಿದೆ. ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಮಲಗಿದ್ದಲ್ಲಿಯೇ ಕಲ್ಲು ಮಣ್ಣಿನಡಿ ಸಿಕ್ಕಿ ಸತ್ತರು. ಕೊಂದದ್ದು ಭೂಮಿಯ ನಡುಕವೊಂದೇ ಎನ್ನುವಂತಿಲ್ಲ. ಬೇಸಗೆಯಲ್ಲಿ ತಂಪಾಗಿರಲೆಂದು ದಪ್ಪ ಕಲ್ಲುಗೋಡೆಯ ಮೇಲೆ ಹೇರಿದ್ದ ಭಾರವಾದ ಮಣ್ಣಿನ ಮಾಳಿಗೆಯೂ ಕೊಂದಿತು. ಬಿಸಿಲಿಗೆ ಅಂಜಿ ಕಟ್ಟಿದ ಮನೆ ಭೂಕಂಪದಲ್ಲಿ ಗೋರಿಯಾಯಿತು. ಒಂದು ಆಪತ್ತಿಗೆ ಹುಡುಕಿದ ಮದ್ದೇ ಇನ್ನೊಂದು ಆಪತ್ತಿಗೆ ಬಾಗಿಲಾಗುವುದುಂಟೆಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ನಮ್ಮ ಸೀಮೆಯ ಕಥೆಯೂ ಅದೇ.

ನಮ್ಮ ಸೀಮೆ ಬರದ ಸೀಮೆ. ತುಂಗೆ ಭದ್ರೆಯರು ಹುಟ್ಟುವ ಮಲೆಗಳ ಆಸುಪಾಸಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆ ಬಿದ್ದರೆ, ಅದೇ ನೀರು ಹರಿದು ಬರುವ ನಮ್ಮ ಬಯಲಿನಲ್ಲಿ 20-25 ಅಂಗುಲ ಬಿದ್ದರೆ ಪುಣ್ಯ. 1876ರಿಂದ 78ರವರೆಗಿನ ಮಹಾಕ್ಷಾಮ ಇಲ್ಲಿ ಆಡಿದ ಆಟ ಇತಿಹಾಸದಲ್ಲಿ ದಾಖಲಾಗಿದೆ. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರನ್ನು ಹಳ್ಳಿಯ ಮುದುಕರು ಬಹುಕಾಲ ಪಿಶಾಚಿಯ ಹೆಸರಿನಂತೆ ಹೇಳುತ್ತಿದ್ದರು. 1871ರ ಗಣತಿಯಲ್ಲಿದ್ದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು ಐದರಲ್ಲೊಂದು ಪಾಲು ಇಳಿದಿತ್ತು. ಹೊಳೆ ಕಣ್ಣೆದುರು ಹರಿಯುತ್ತಿದ್ದಾಗಲೇ ಜನ ಹಸಿದು ಸತ್ತರು.

ಈ ಹೊಳೆಯನ್ನು ಕಟ್ಟಬೇಕೆಂಬ ಮಾತನ್ನು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಎತ್ತಿದ್ದನು. ಕ್ಷಾಮ ಆ ಮಾತಿಗೆ ಬಲ ಕೊಟ್ಟಿತು. ಮದರಾಸು ಮತ್ತು ಹೈದರಾಬಾದು ಸರಕಾರಗಳ ವ್ಯಾಜ್ಯ ಅದನ್ನು ಬಹುಕಾಲ ತಡೆಯಿತು. ಕೊನೆಗೆ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಿತು. ಅದಕ್ಕಾಗಿ ಸುಮಾರು 90 ಹಳ್ಳಿಗಳು ನೀರಿನಡಿಯಾದವು. 50 ಸಾವಿರಕ್ಕೂ ಮಿಕ್ಕ ಜನ ಗಂಟುಮೂಟೆ ಕಟ್ಟಿದರು. ಮುಳುಗಿದ ನಾರಾಯಣದೇವರಕೆರೆಯವರು ತಮ್ಮ ದೇವರನ್ನು ಹೊತ್ತು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆನಿಂತರು. ಬೇಸಗೆಯಲ್ಲಿ ಹಿನ್ನೀರು ಹಿಂಜರಿದಾಗ ಮುಳುಗಿದ ಊರುಗಳ ಕಲ್ಲುಗಳು ಅಲ್ಲಲ್ಲಿ ತಲೆಯೆತ್ತುತ್ತವೆ. ಅಜ್ಜಂದಿರು ಮೊಮ್ಮಕ್ಕಳಿಗೆ, "ಅಗೋ, ಅಲ್ಲಿ ನಮ್ಮ ಮನಿ ಇತ್ತು" ಎಂದು ಬೆರಳು ತೋರುವುದುಂಟು.

ಇವರ ಪಾಡು ವಿಚಿತ್ರವಾದದ್ದು. ಕಣ್ಣೆದುರಿಗೆ ಕಡಲಿನಂಥ ನೀರು. ಹೊಲಕ್ಕೆ ಮಾತ್ರ ಬಹುಪಾಲು ಮುಗಿಲೇ ಗತಿ. ನೀರು ಕೆಳಕ್ಕೆ ಹರಿದು ಕಂಪ್ಲಿ, ಗಂಗಾವತಿ, ಸಿರಗುಪ್ಪಗಳಲ್ಲಿ ಬತ್ತವಾಗುತ್ತದೆ. ಕಾಲುವೆಯೇರಿ ರಾಯಚೂರನ್ನೂ ಆಂಧ್ರದ ಅನಂತಪುರ, ಕರ್ನೂಲುಗಳನ್ನೂ ಮುಟ್ಟುತ್ತದೆ. ಅಣೆಕಟ್ಟಿನ ಮೇಲಿನವರಿಗೆ ಬರದ ಭಯ, ಕೆಳಗಿನವರಿಗೆ ನೆರೆಯ ಭಯ. ನದಿಗೆ ಒಂದು ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಬಿಟ್ಟರೆ ಹಂಪೆಯ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯ ದಾರಿ ಕಟ್ಟುತ್ತದೆ. 2009ರ ಅಕ್ಟೋಬರಿನಲ್ಲಿ ಇದೇ ನದಿ ಕೆಳಗಿನ ಮಂತ್ರಾಲಯದ ಮಠದೊಳಕ್ಕೇ ನುಗ್ಗಿದ್ದನ್ನು ನಾಡೆಲ್ಲ ಕಂಡಿದೆ. ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಎರಡು ಬಗೆಯ ಭಯಗಳು ವಾಸಿಸುತ್ತಿವೆ.

ಈಗ 2024ನ್ನು ನೋಡೋಣ. ಅದರ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಸಾರಿತ್ತು. ಹಾಗಾಗಿ 2024ರ ಆಗಸ್ಟಿನಲ್ಲಿ ಜಲಾಶಯ ತುಂಬಿ 105 ಟಿ.ಎಂ.ಸಿ. ಮುಟ್ಟಿದಾಗ ರೈತರಿಗಾದ ಹರ್ಷ ಅಷ್ಟಿಷ್ಟಲ್ಲ. ಸಸಿಮಡಿ ಸಿದ್ಧವಾಗಿ, ನಾಟಿ ನಡೆದಿತ್ತು. ಅಂಥ ಸಮಯದಲ್ಲಿ ಆಗಸ್ಟ್ 10ರ ಶನಿವಾರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು ಎಲೆಯಂತೆ ತೇಲಿಹೋಯಿತು. ಆ ಒಂದೇ ಕಂಡಿಯಿಂದ ಸೆಕೆಂಡಿಗೆ ಸುಮಾರು 35 ಸಾವಿರ ಘನ ಅಡಿಯಂತೆ ನೀರು ಧುಮ್ಮಿಕ್ಕತೊಡಗಿತು. ಲೆಕ್ಕ ಹಾಕಿದರೆ ದಿನಕ್ಕೆ ಮೂರು ಟಿ.ಎಂ.ಸಿ.

ಅದೊಂದೇ ಕಂಡಿಯ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಬಾಗಿಲುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ತುಂಬಿದ ಬರದ ಮನೆಯ ಕಣಜವನ್ನು ಕೈಯಾರೆ ಬರಿದು ಮಾಡುವ ಸಂಕಟ ಅದು. ನದಿಯ ಕೆಳಗಿನ ಹಳ್ಳಿಗಳಲ್ಲಿ ಡಂಗುರ. ಮೇಲಿನ ಊರುಗಳಲ್ಲಿ ನೀರು ನೋಡಲು ಬಂದ ಮಂದಿಯ ಮೌನ. ಅಣೆಕಟ್ಟಿನ ಬಾಗಿಲುಗಳ ವಿಷಯದಲ್ಲಿ ನುರಿತವರೆಂದು ಹೆಸರಾದ, ಎಂಬತ್ತರ ಆಸುಪಾಸಿನ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಅಡ್ಡಪಟ್ಟಿಗಳನ್ನು ತರಾತುರಿಯಲ್ಲಿ ಸಿದ್ಧಪಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 16ರ ಶುಕ್ರವಾರ ಮೊದಲನೆಯದು ಕುಳಿತಿತು. ಒಂದೆರಡು ದಿನಗಳಲ್ಲಿ ಕಂಡಿ ಮುಚ್ಚಿತು. ಅಷ್ಟರಲ್ಲಿ 30 ಟಿ.ಎಂ.ಸಿ.ಗೂ ಹೆಚ್ಚು ನೀರು ನದಿಯ ಪಾಲಾಗಿತ್ತು. ಸಾವು ಸಂಭವಿಸಲಿಲ್ಲ. ಆ ವರ್ಷ ಮಳೆಯೂ ಕೈಬಿಡದೆ ಜಲಾಶಯ ಮತ್ತೆ ತುಂಬಿತು. ದೈವ ನಮ್ಮ ಕಡೆಗಿತ್ತು. ಆದರೆ ದೈವವನ್ನು ಪ್ರತಿ ವರ್ಷದ ಲೆಕ್ಕದಲ್ಲಿ ಜಮೆ ಹಿಡಿಯುವಂತಿಲ್ಲ.

ಇಲ್ಲಿ ಮತ್ತೊಮ್ಮೆ ಅಮೆರಿಕಾದ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ಫೋಲ್ಸಮ್ ಅಣೆಕಟ್ಟು ನಮ್ಮ ಅಣೆಕಟ್ಟಿನ ವಾರಗೆಯದು, 1956ರಲ್ಲಿ ಮುಗಿದದ್ದು. 1995ರ ಜುಲೈ 17ರಂದು, ಜಲಾಶಯ ತುಂಬಿದ್ದಾಗಲೇ, ಅದರ ಒಂದು ಬಾಗಿಲು ಮುರಿಯಿತು. ಸೆಕೆಂಡಿಗೆ ಸುಮಾರು 40 ಸಾವಿರ ಘನ ಅಡಿ ನೀರು ಹರಿದು, ಜಲಾಶಯದ ನೂರಕ್ಕೆ ನಲವತ್ತು ಪಾಲು ಬರಿದಾಯಿತು. ಅಲ್ಲಿಯೂ ಸಾವು ಸಂಭವಿಸಲಿಲ್ಲ. ತನಿಖೆ ಮಾಡಿದಾಗ ಕಂಡುಬಂದ ಕಾರಣ ಅತ್ಯಂತ ಸಾಮಾನ್ಯವಾದದ್ದು: ಬಾಗಿಲು ತಿರುಗುವ ಗೂಟಕ್ಕೆ ತುಕ್ಕು ಹಿಡಿದು ಉಜ್ಜಾಟ ಹೆಚ್ಚಿ, ಅದರ ಭಾರ ತಾಳದೆ ಆಸರೆಯ ತೊಲೆ ಮುರಿದಿತ್ತು. ಆ ಒಂದು ಬಾಗಿಲಿನಿಂದ ಪಾಠ ಕಲಿತು ಆ ದೇಶದ ಇತರ ಅಣೆಕಟ್ಟುಗಳ ಅಂಥ ಬಾಗಿಲುಗಳನ್ನೂ ಪರೀಕ್ಷಿಸಿದರು. ಭೂಕಂಪಕ್ಕೆ ಅಂಜುವ ಸೀಮೆಯಲ್ಲಿ ಅಂದು ಗೆದ್ದದ್ದು ತುಕ್ಕು!

ಆದ್ದರಿಂದ ನನಗೆ ತೋರುವುದಿಷ್ಟು. ನಾವು ಪ್ರಕೃತಿವಿಕೋಪವೆಂದು ಕರೆಯುವುದರಲ್ಲಿ ಪ್ರಕೃತಿಯ ಪಾಲು ಒಂದು. ನಾವು ನೋಡಿಕೊಳ್ಳದೆ ಬಿಟ್ಟ ವಸ್ತುವಿನ ಪಾಲು ಇನ್ನೊಂದು. ಮಳೆಯನ್ನು ಪ್ರಕೃತಿ ಸುರಿಸಿತು, ಶಿರೂರಿನ ಗುಡ್ಡವನ್ನು ಕಡಿದವರು ಮನುಷ್ಯರು. ಚಂಡಮಾರುತವನ್ನು ಕಡಲು ಎಬ್ಬಿಸಿತು, ನ್ಯೂ ಆರ್ಲಿಯನ್ಸಿನ ಒಡ್ಡನ್ನು ಕಟ್ಟಿದವರು ಮನುಷ್ಯರು. ಮೊದಲನೆಯ ಪಾಲನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ.

ಹಿಂದಿನವರು ಈ ಎರಡನೆಯ ಪಾಲನ್ನು ಬಲ್ಲವರಾಗಿದ್ದರೆ? ಇದಕ್ಕೆ ಎರಡು ಬಗೆಯ ಉತ್ತರಗಳುಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂದಿನ ಹೊಸಪೇಟೆಯ ಬಳಿ ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಏರಿ ಮತ್ತೆ ಮತ್ತೆ ಒಡೆದುದನ್ನೂ, ದೇವರಿಗೆ ಬಲಿ ಬೇಕೆಂದು ಪುರೋಹಿತರು ಹೇಳಿದ ಮೇಲೆ ಅರವತ್ತು ಮಂದಿಯ ತಲೆ ಕಡಿಸಿದುದನ್ನೂ ಬರೆದಿದ್ದಾನೆ. ನಮ್ಮ 'ಕೆರೆಗೆ ಹಾರ'ದ ಭಾಗೀರತಿಯದೂ ಅಂಥದೇ ಕಥೆ. ನೀರು ಬಾರದ ಕೆರೆಗೆ ಕಿರಿಸೊಸೆಯೇ ಹಾರವಾದಳು. ತರಗತಿಯಲ್ಲಿ ಆ ಹಾಡನ್ನು ಪಾಠ ಹೇಳುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಜೋಯಿಸರ ಬದಲು ಎಂಜಿನಿಯರನ್ನ ಕೇಳಬೇಕಿತ್ತು" ಎನ್ನುವುದುಂಟು. ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಯೋಚಿಸಬೇಕಾದ ಮಾತು ಅದು.

ಏಕೆಂದರೆ ಕೇಳುವವರಿಗೆ ಉತ್ತರ ಹೇಳಬಲ್ಲವರು ಅಂದೂ ಇದ್ದರು. ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು ಎಂದು ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ನೆಲ ಚೌಳಾಗಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ಹರವು ಹೆಚ್ಚಾಗಿ ನೀರು ಕಡಿಮೆಯಾಗುವುದು, ನೀರು ಹೆಚ್ಚಾಗಿ ಹರವು ಕಡಿಮೆಯಾಗುವುದು ಇವೂ ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು ದೋಷವಂತೆ. ಕರ್ಣಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳು ಪಾಲು ಹೇಳುವ ನಮ್ಮ ಜಲಾಶಯವನ್ನು ಕಂಡಿದ್ದರೆ ಆ ಶಾಸನಕಾರನು ಏನು ಬರೆಯುತ್ತಿದ್ದನೋ! ಎಲ್ಲರಿಗೂ ಸೇರಿದ ವಸ್ತುವನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಆರು ನೂರೈವತ್ತು ವರ್ಷಗಳಷ್ಟು ಹಳೆಯದು.

ಅವರು ಬರಿಯ ದೋಷ ಎಣಿಸಿ ಸುಮ್ಮನಾಗಲಿಲ್ಲ. ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟ ಭೂಮಿಗೆ ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಹೆಸರುಗಳನ್ನು ನಮ್ಮ ಶಾಸನಗಳಲ್ಲಿ ಓದುತ್ತೇವೆ. ಏರಿಗೆ ಮಣ್ಣು ಹೊರುವ ಕೆರೆಬಂಡಿಯ ಖರ್ಚಿಗೆಂದು ಬಿಟ್ಟ ದತ್ತಿಗಳೂ ಉಂಟು. ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಕೆರೆ ಒಡೆದ ಮೇಲೆ ಹಣ ಹುಡುಕುವ ಪದ್ಧತಿ ಅದಾಗಿರಲಿಲ್ಲ. ಒಡೆಯದಿರಲೆಂದು ವರ್ಷವರ್ಷದ ಹುಟ್ಟುವಳಿಯನ್ನು ಮೊದಲೇ ತೆಗೆದಿಡುವ ಪದ್ಧತಿ. ಹಳ್ಳಿಯಲ್ಲಿ ನೀರಗಂಟಿ ಇರುತ್ತಿದ್ದನು. ಮಳೆಯ ರಾತ್ರಿ ಊರೆಲ್ಲ ಕಂಬಳಿ ಹೊದ್ದು ಮಲಗಿದಾಗ ಲಾಟೀನು, ಗುದ್ದಲಿ ಹಿಡಿದು ಏರಿಯುದ್ದಕ್ಕೂ ನಡೆಯುವುದು ಅವನ ಕೆಲಸ. ಇಲಿಯ ಬಿಲದಷ್ಟು ತೂತು ಕಂಡರೂ ಅಲ್ಲಿಯೇ ಮಣ್ಣು ಮೆತ್ತಿ ಬರುವನು. ಒಡೆಯದೆ ಉಳಿದ ಏರಿಗಾಗಿ ಅವನನ್ನು ಹೊಗಳಿದವರು ಯಾರೂ ಇರಲಿಕ್ಕಿಲ್ಲ. ಆಗದೆ ಹೋದ ಅನಾಹುತಕ್ಕೆ ಯಾರು ಹಾಡು ಕಟ್ಟುತ್ತಾರೆ?

ನೋಡಿಕೊಳ್ಳುವುದಕ್ಕೆ ಬೆಲೆಯಿದೆ; ಅದನ್ನು ಯಾರು ತೆರುತ್ತಾರೆಂಬುದೂ ಮುಖ್ಯ. 2025ರಲ್ಲಿ ಉಳಿದ ಬಾಗಿಲುಗಳ ಮೇಲೆ ಭಾರ ಹೇರಬಾರದೆಂದು ಜಲಾಶಯದಲ್ಲಿ 80 ಟಿ.ಎಂ.ಸಿ.ಯಷ್ಟೇ ನೀರು ನಿಲ್ಲಿಸಿದರು. 33 ಬಾಗಿಲುಗಳನ್ನೂ ಹೊಸದಾಗಿ ಕೂಡಿಸಬೇಕೆಂದು ನಿಶ್ಚಯವಾಗಿ, ಆ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ಸಾರಿದರು. ನಿರ್ಧಾರ ಸರಿಯಾದುದೇ. ಆದರೆ ಎಪ್ಪತ್ತು ವರ್ಷ ಹಂಚಿಕೊಂಡು ತೆರಬಹುದಾಗಿದ್ದ ತೆರಿಗೆಯನ್ನು ಒಂದೇ ಹಂಗಾಮಿನಲ್ಲಿ ತೆತ್ತವನು ಕಂಪ್ಲಿಯ, ಗಂಗಾವತಿಯ, ಸಿರಗುಪ್ಪದ ಬತ್ತದ ರೈತ. ಅವನ ಗದ್ದೆಯಲ್ಲಿ ಸಸಿ ನೆಡುವ ಕೂಲಿ ಹೆಣ್ಣುಮಗಳು. ಗದ್ದೆ ಬೀಳುಬಿದ್ದರೆ ಒಡೆಯನಿಗೆ ಸಾಲ. ಆಕೆಗೆ ಒಲೆಯೇ ಇಲ್ಲ. ಮನೆಯ ಜಂತಿಗೆ ಹುಳು ಹಿಡಿದಾಗ ವರ್ಷಕ್ಕೊಂದು ಬದಲಾಯಿಸಿದರೆ ಸಂಸಾರ ತಾಳುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವಾಗ ಮಕ್ಕಳು ಬಯಲಲ್ಲಿ ಮಲಗಬೇಕಾಗುತ್ತದೆ.

ಇನ್ನೂ ಒಂದು ಕೆಲಸ ಉಳಿದಿದೆ. ಮೊದಲಿಗೆ 133 ಟಿ.ಎಂ.ಸಿ.ಯಷ್ಟು ನೀರು ಹಿಡಿಯುತ್ತಿದ್ದ ಜಲಾಶಯ ಇಂದು ಹೂಳು ತುಂಬಿ 105ಕ್ಕೆ ಇಳಿದಿದೆ. ಸರಪಳಿ ಒಂದು ರಾತ್ರಿಯಲ್ಲಿ ತುಂಡಾಯಿತು, ನಾಡೆಲ್ಲ ಓಡಿ ಬಂದಿತು. ಹೂಳು ಎಪ್ಪತ್ತು ವರ್ಷ ಸದ್ದಿಲ್ಲದೆ ಕುಳಿತಿತು, ಯಾರೂ ಓಡಿ ಬರಲಿಲ್ಲ. ಬಾಗಿಲಿನಿಂದ ಆ ವಾರ ಹರಿದುಹೋದಷ್ಟೇ ನೀರಿನ ಜಾಗವನ್ನು ಹೂಳು ಶಾಶ್ವತವಾಗಿ ಕಿತ್ತುಕೊಂಡಿದೆಯೆಂಬುದನ್ನು ನೆನೆದರೆ ಯಾವುದು ದೊಡ್ಡ ಅನಾಹುತವೆಂದು ಹೇಳುವುದು ಕಷ್ಟ.

ಹಾಗಾದರೆ ನಮ್ಮಂಥ ಸಾಮಾನ್ಯರು ಮಾಡತಕ್ಕದ್ದೇನು? ಎಂಜಿನಿಯರರ ಕೆಲಸವನ್ನು ನಾವು ಮಾಡಲಾರೆವು. ಮಾಡಿದ್ದಾರೆಯೆ ಎಂದು ಕೇಳಬಲ್ಲೆವು. ಬಾಗಿಲುಗಳ ಪರೀಕ್ಷೆ ಯಾವಾಗ ನಡೆಯಿತು, ಏನು ಕಂಡುಬಂತು ಎಂಬುದನ್ನು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸಾರ್ವಜನಿಕರಿಗೆ ತಿಳಿಸಿದರೆ ಯಾರಿಗೂ ನಷ್ಟವಿಲ್ಲ. ನದಿದಂಡೆಯ ಶಾಲೆಗಳಲ್ಲಿ, ಇಷ್ಟು ಕ್ಯೂಸೆಕ್ ಬಿಟ್ಟರೆ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ದಿಣ್ಣೆಗೆ ಹೋಗಬೇಕು, ಅಜ್ಜಿಯನ್ನು ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಮಗ್ಗಿಯಂತೆ ಕಲಿಸಬಹುದು. ಒಕ್ಲಹಾಮಾದವರು ತಿಳಿಯಾಕಾಶದಲ್ಲಿ ಸೈರನ್ ಕೂಗಿಸುವುದರ ಮರ್ಮ ಇಷ್ಟೇ. ಇದರಲ್ಲಿ ಹಣದ ಮಾತು ಕಡಿಮೆ, ಅಭ್ಯಾಸದ ಮಾತು ಹೆಚ್ಚು. ಊರು ಕೊಟ್ಟು ಅಣೆಕಟ್ಟು ಪಡೆದ ನಮ್ಮ ಹಿನ್ನೀರಿನ ಹಳ್ಳಿಗಳವರಿಗಂತೂ ಇದನ್ನು ಕೇಳುವ ಹಕ್ಕು ಎಲ್ಲರಿಗಿಂತ ಒಂದು ತೂಕ ಹೆಚ್ಚು.

ಇದು ನಮಗೆ ಒಗ್ಗದ ಹೊಸ ಸಂಪ್ರದಾಯವೆಂದು ಯಾರೂ ಹೇಳಲಾರರು. ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುತ್ತೇವೆ. ಅದು ಕೃತಜ್ಞತೆಯ ಹಬ್ಬ. ಅದಕ್ಕೆ ಜೋಡಿಯಾಗಿ ನಮ್ಮಲ್ಲಿ ಮಹಾನವಮಿಯ ಆಯುಧಪೂಜೆಯೂ ಉಂಟಷ್ಟೆ. ಆ ದಿನ ಹೊಸಪೇಟೆಯ ಲಾರಿಗಳಿಂದ ಹಿಡಿದು ಮರಿಯಮ್ಮನಹಳ್ಳಿಯ ಹೊಲಿಗೆಯ ಯಂತ್ರದವರೆಗೆ ಎಲ್ಲಕ್ಕೂ ಕುಂಕುಮವಿಡುತ್ತೇವೆ. ಆದರೆ ಕುಂಕುಮವಿಡುವ ಮುನ್ನ ಅದನ್ನು ಬಿಚ್ಚಿ, ತಿಕ್ಕಿ, ತೊಳೆದು, ತುಕ್ಕು ಕೆರೆದು, ಎಣ್ಣೆ ಹಾಕುತ್ತೇವೆ. ಸವೆದ ನಟ್ಟು ಕಂಡರೆ ಅಂದೇ ಬದಲಾಯಿಸುತ್ತೇವೆ. ತೊಳೆಯದ ಲಾರಿಗೆ ಹೂಮಾಲೆ ಹಾಕುವ ಚಾಲಕನನ್ನು ಅವನ ಕ್ಲೀನರ್ ಹುಡುಗನೇ ನಕ್ಕಾನು. ಲಕ್ಷಾಂತರ ಎಕರೆಗೆ ಅನ್ನವಿಕ್ಕುವ ಆ ಮೂವತ್ತಮೂರು ಬಾಗಿಲುಗಳ ಸರಪಳಿಗೂ ಅಷ್ಟೇ ಉಪಚಾರ ವರ್ಷವರ್ಷ ಸಲ್ಲಲಿ.